ದನ ಮಲಗಿದ ಕಡೆ ಗಡಿ

ನನ್ನ ಕೆಲಸ ಸುಣ್ಣದ ಗೆರೆ ಎಳೆಯುವುದು. ನಮ್ಮಪ್ಪ ಇದೇ ಕೆಲಸ ಮಾಡಿದ, ಅವನ ಅಪ್ಪನೂ ಇದನ್ನೇ ಮಾಡಿದ. ಅಪ್ಪ ತೀರಿಕೊಂಡಾಗ, ಗಂಡುಮಕ್ಕಳಿಲ್ಲವಲ್ಲ ಎಂದು ಸರ್ಕಾರದವರು ಮೂರು ತಿಂಗಳು ಗೊಣಗಿದರು. ಬೇರೆ ಯಾರೂ ಬೆಳಗಿನ ಜಾವ ಏಳಲು ಒಪ್ಪದ್ದರಿಂದ ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟರು. ಎದ್ದು ದನ ಎಲ್ಲಿ ಮಲಗಿವೆ ಎಂದು ನೋಡಬೇಕು. ಅವುಗಳ ಮೂತಿಯ ಮುಂದೆ ಊರಿನ ಆ ತುದಿಯಿಂದ ಈ ತುದಿಯವರೆಗೆ ಗೆರೆ ಎಳೆಯಬೇಕು. ನಮ್ಮೂರ ದನ ಪಡುವಣಕ್ಕೆ ಮುಖ ಮಾಡಿಯೇ ಮಲಗುತ್ತವೆ. ಬಾಲದ ಹಿಂದಿರುವುದೆಲ್ಲ ಈಕಡೆ ರಾಜ್ಯ, ಮೂತಿಯ ಮುಂದಿರುವುದೆಲ್ಲ ಆಕಡೆ ರಾಜ್ಯ. ಮರುದಿನ ಬೆಳಗಿನವರೆಗೆ ಅದೇ ಗಡಿ.

ಊರವರಿಗೆ ಇದರಿಂದ ಅಂಥ ತೊಂದರೆಯೇನೂ ಇಲ್ಲ. ಶಾಲೆಯ ಮಾಸ್ತರರು ಎರಡು ನಕಾಶೆ ಇಟ್ಟುಕೊಂಡಿದ್ದಾರೆ. ನಾನು ಗೆರೆ ಎಳೆದು ಹೋಗುವಾಗ ಕಿಟಕಿಯಿಂದ ಇಣುಕಿ, ಆ ದಿನದ್ದನ್ನು ಗೋಡೆಗೆ ತೂಗುಹಾಕುತ್ತಾರೆ. ಆಕಡೆ ರಾಜ್ಯದಲ್ಲಿ ಸೆರೆ ಮಾರುವಂತಿಲ್ಲ. ಹಾಗಾಗಿ ಸೆರೆ ಅಂಗಡಿಯ ಭರಮಪ್ಪ ಕೆಲವು ದಿನ ಚಹಾ ಕಾಸುತ್ತಾನೆ, ಅದೂ ಬಹಳ ಕೆಟ್ಟ ಚಹಾ. ಹೆಣ್ಣು ನೋಡಲು ಬಂದವರು "ನಿಮ್ಮ ಮನಿ ಯಾವ ಕಡೆ ಬರ್ತೈತ್ರಿ?" ಎಂದು ಕೇಳಿದರೆ ನಮ್ಮವರು "ಹೆಚ್ಚಾನ ಹೆಚ್ಚು ಈಕಡೆ" ಎನ್ನುತ್ತಾರೆ. ಅಷ್ಟರಲ್ಲಿ ಕೇಳಿದವರಿಗೂ ಹೇಳಿದವರಿಗೂ ಸಮಾಧಾನ.

ದನ ಎಂದರೆ ನಮ್ಮೂರಲ್ಲಿ ಅಡಿವೆಪ್ಪಗೌಡರ ದನ. ಬೇರೆಯವರ ಮನೆಯಲ್ಲಿ ಎರಡೋ ಮೂರೋ ಇದ್ದಾವು, ಗೌಡರ ಹಿಂಡು ಸಾವಿರದ ಮೇಲೆ. ಅಪ್ಪನಿಂದ ಅವರಿಗೆ ಬಂದದ್ದು ಹನ್ನೆರಡು ತಲೆ ಮಾತ್ರ. ಉಳಿದವು ಭಾಷಣದಿಂದ ಬಂದವು. ಗೌಡರು ಹುಡುಗರಾಗಿದ್ದಾಗಲೇ ಹೊಲದಲ್ಲಿ ನಿಂತು ಭಾಷಣದ ರೂಢಿ ಮಾಡುತ್ತಿದ್ದರಂತೆ. ಅವರು ಬಾಯಿ ತೆರೆದದ್ದೇ ತಡ, ಸುತ್ತಲಿನ ದನವೆಲ್ಲ ಬಂದು ಮಂಡಿಯೂರಿ ಮಲಗಿಬಿಡುತ್ತಿದ್ದವು. ಮುಂದೆ ಜನರೂ ಹಾಗೇ ಮಲಗತೊಡಗಿದರು, ಆದರೆ ಜನ ಎದ್ದು ಮನೆಗೆ ಹೋಗುತ್ತಿದ್ದರು. ದನ ಹೋಗುತ್ತಿರಲಿಲ್ಲ. ಗೌಡರೂ ಕಳಿಸಿಕೊಡುತ್ತಿರಲಿಲ್ಲ. ಕೇಳಲು ಬಂದ ಮಾಲೀಕರಿಗೆ ಇನ್ನೊಂದು ಭಾಷಣ ಸಿಗುತ್ತಿತ್ತು.

ಭಾಷಣ ಮಾಡಿದ ಕಡೆ ದನ, ದನ ಮಲಗಿದ ಕಡೆ ಗಡಿ. ಇಷ್ಟು ಕೈಯಲ್ಲಿದ್ದ ಮೇಲೆ ಗೌಡರು ರಾಜಕೀಯಕ್ಕೆ ಬರದೆ ಇನ್ನೇನು ಮಾಡಿಯಾರು? ಈಕಡೆ ಚುನಾವಣೆ ಬಂದಾಗ ಊರನ್ನೆಲ್ಲ ಈಕಡೆ ತಂದರು, ಆಕಡೆ ಚುನಾವಣೆ ಬಂದಾಗ ಆಕಡೆಗೆ ದೂಡಿದರು, ಎರಡರಲ್ಲೂ ಗೆದ್ದರು. ಸೋಮವಾರ ಒಂದು ವಿಧಾನಸಭೆ, ಗುರುವಾರ ಇನ್ನೊಂದು. ಒಂದರಲ್ಲಿ ಎದ್ದುನಿಂತು "ನೆರೆರಾಜ್ಯದ ದನಗಳು ನಮ್ಮ ನೆಲ ತಿನ್ನುತ್ತಿವೆ, ಆ ದನಗಳ ಯಜಮಾನನನ್ನು ಕಟ್ಟಿಹಾಕಬೇಕು" ಎಂದು ಮೇಜು ಗುದ್ದಿದರು. ಮೂರು ದಿನ ಬಿಟ್ಟು ಇನ್ನೊಂದರಲ್ಲಿ ಎದ್ದುನಿಂತು, ತಮ್ಮ ಮೇಲೆ ಬಂದ ಆ ಹಸಿ ಸುಳ್ಳಿನ ಆರೋಪಕ್ಕೆ ಕಣ್ಣೀರು ಹಾಕಿದರು. ದನದ ದವಾಖಾನೆಗೆಂದು ಎರಡೂ ಸರ್ಕಾರಗಳಿಂದ ಮಂಜೂರಾತಿ ತಂದು, ಎರಡು ಸಲ ಅಡಿಗಲ್ಲು ಇಟ್ಟು, ಕೊನೆಗೆ ಆ ಎರಡೂ ಕಲ್ಲುಗಳನ್ನು ತಮ್ಮ ಬಚ್ಚಲಿಗೆ ಹಾಸಿದರು. ಪೊಲೀಸರು ವಾರಂಟ್ ತಂದರೆ ಅವರ ಮನೆ ಆ ದಿನ ಆಚೆ ರಾಜ್ಯದಲ್ಲಿರುತ್ತಿತ್ತು. ನಮ್ಮೂರವರಂತೂ ಬೈದುಕೊಳ್ಳುತ್ತಲೇ ವೋಟು ಹಾಕುತ್ತಿದ್ದರು. ಗೌಡರ ಸುದ್ದಿಯಿಲ್ಲದ ವಾರ ಕಟ್ಟೆಯ ಮೇಲೆ ಕೂತವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಇವೆಲ್ಲ ಸಣ್ಣವು. ದೊಡ್ಡದು ಮದುವೆಯದು, ಅದರಲ್ಲಿ ನನ್ನದೂ ಪಾಲಿದೆ.

ಗೌಡರ ಮೊದಲ ಹೆಂಡತಿ ಬಂಗಾರೆವ್ವ. ಆ ಮದುವೆ ಈಕಡೆ ರಾಜ್ಯದ ದಫ್ತರದಲ್ಲಿ ಬರೆಸಿದ್ದು. ಇಪ್ಪತ್ತು ವರ್ಷದ ಹಿಂದೆ ಗೌಡರ ಕಣ್ಣು ನನ್ನ ತಂಗಿ ಕಾಶವ್ವನ ಮೇಲೆ ಬಿತ್ತು. ನಾನು ಬೇಡವೆಂದೆ. ಕಾಶವ್ವ ಆಗುತ್ತೇನೆಂದು ಹಟ ಹಿಡಿದು ಎರಡು ದಿನ ಉಣ್ಣದೆ ಮಲಗಿದಳು. ಗೌಡರು ನಮ್ಮ ಅಂಗಳದಲ್ಲಿ ನಿಂತು ಒಂದು ತಾಸು ಮಾತಾಡಿದರು. ಅರ್ಧ ತಾಸಿಗೆ ನಮ್ಮ ಎಮ್ಮೆ ಮಲಗಿತು, ಇನ್ನರ್ಧ ತಾಸಿಗೆ ನಾನೂ ಹೂಂ ಅಂದೆ. ಆವತ್ತು ಹೂಂ ಅಂದದ್ದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆ ತಿಂಗಳು ನಮ್ಮ ಮನೆ ಆಕಡೆ ಇತ್ತು. ಮದುವೆ ಆಕಡೆ ದಫ್ತರದಲ್ಲಿ ದಾಖಲಾಯಿತು.

ಎರಡೂ ರಾಜ್ಯಗಳ ಕಾಯ್ದೆಯಲ್ಲಿ ಇಬ್ಬರು ಹೆಂಡಿರನ್ನು ಇಟ್ಟುಕೊಂಡವನಿಗೆ ಏಳು ವರ್ಷ ಜೈಲು, ಶಾಸಕನಾದರೆ ಕುರ್ಚಿಯೂ ಹೋಗುತ್ತದೆ. ಆದರೆ ಒಂದು ರಾಜ್ಯದ ಕಣ್ಣಿಗೆ ಇನ್ನೊಂದರ ಹೆಂಡತಿ ಕಾಣುವುದಿಲ್ಲ. ಮೂಡಲಿಗೆ ಬಂಗಾರೆವ್ವನ ದೊಡ್ಡಮನೆ, ಪಡುವಲಿಗೆ ಕಾಶವ್ವನ ಸಣ್ಣಮನೆ, ನಡುವೆ ಒಂದು ಹೊಲ. ದನ ಆ ಹೊಲದಲ್ಲಿ ಮಲಗಿದರೆ ದೊಡ್ಡಮನೆ ಈಕಡೆಗೆ, ಸಣ್ಣಮನೆ ಆಕಡೆಗೆ. ಗೌಡರು ಎರಡೂ ಕಡೆ ಏಕಪತ್ನೀವ್ರತಸ್ಥರು. ದನ ಒಂದು ದಿನ ಆ ಹೊಲ ಬಿಟ್ಟು ಆಚೀಚೆ ಆದರೂ ಎರಡು ಮನೆಯೂ ಒಂದೇ ರಾಜ್ಯಕ್ಕೆ ಬಿದ್ದು ಗೌಡರ ಕೈಗೆ ಬೇಡಿ.

ಹಾಗಾಗಿ ಆ ಮದುವೆಯಾದ ಮೇಲೆ ಗೌಡರು ಊರನ್ನೆಲ್ಲ ಆಚೀಚೆ ದೂಡುವುದನ್ನು ಬಿಟ್ಟು, ದಿನಾ ಸಂಜೆ ನಡುವಿನ ಹೊಲದಲ್ಲಿ ನಿಂತು ಭಾಷಣ ಮಾಡಿ ದನ ಮಲಗಿಸುತ್ತಿದ್ದರು. ಗೆರೆ ಹೊಲದೊಳಗೇ ನಾಲ್ಕು ಮಾರು ಹಿಂದೆಮುಂದೆ ಆದರೆ ಶಾಲೆ, ಸೆರೆ ಅಂಗಡಿಯಂಥವು ಮಾತ್ರ ಕಡೆ ಬದಲಿಸುತ್ತಿದ್ದವು. ಮಲಗಿಸಿ ಮನೆಗೆ ಹೋಗೋಣವೆಂದರೆ, ಹಂಡಿ ಎಂಬ ಹಿಂಡಿನ ಹಿರಿಯ ಆಕಳು ಎದ್ದು ಅವರ ಬೆನ್ನು ಹತ್ತುತ್ತಿತ್ತು, ಹಂಡಿಯ ಹಿಂದೆ ಉಳಿದ ಸಾವಿರ. ಕೊನೆಗೆ ಗೌಡರು ಹೊಲದಲ್ಲೇ ಮಲಗಲು ಒಂದು ಹೊರಸು ಹಾಕಿಸಿಕೊಂಡರು. ಹಗಲೆಲ್ಲ ರಾಜಕೀಯ, ಸಂಜೆಯಾದರೆ ಹೊರಸು. ಒಂದು ದಿನ ದೊಡ್ಡಮನೆಯ ಬುತ್ತಿ, ಒಂದು ದಿನ ಸಣ್ಣಮನೆಯ ಬುತ್ತಿ. ಇಬ್ಬರು ಹೆಂಡಿರ ಗಂಡ ಹತ್ತೊಂಬತ್ತು ವರ್ಷ ದನದ ನಡುವೆ ಒಬ್ಬನೇ ಮಲಗಿದ. ಊರವರು ನಕ್ಕರು. ನನಗೆ ನಗು ಬರುತ್ತಿರಲಿಲ್ಲ, ಏಕೆಂದರೆ ನನ್ನ ತಂಗಿಯೂ ಒಬ್ಬಳೇ ಮಲಗುತ್ತಿದ್ದಳು.

ಗೌಡರ ಎದುರು ಎರಡೂ ಕಡೆ ನಿಂತು ಎರಡೂ ಕಡೆ ಸೋತ ಎಣ್ಣೆಗಾಣದ ಸಾಹುಕಾರನೊಬ್ಬನಿದ್ದ. ಅವನು ಬರೆದ ಅರ್ಜಿಯ ಮೇಲೆ ಹೋದ ವರ್ಷ ಮಾಗಿಯಲ್ಲಿ ಎರಡು ರಾಜ್ಯಗಳ ಇನ್ಸ್‌ಪೆಕ್ಟರುಗಳು ಒಟ್ಟಿಗೇ ಬಂದರು. ಇದು ಹಿಂದೆಂದೂ ಆಗಿರಲಿಲ್ಲ. ಗೆರೆಯ ಆಚೆಗೊಂದು ಈಚೆಗೊಂದು ಡೇರೆ ಹಾಕಿ ಕೂತರು. ದನ ಯಾವ ಕಡೆ ಸರಿದರೂ ಒಬ್ಬರಲ್ಲ ಒಬ್ಬರ ಕೈಗೆ ಗೌಡರು ಸಿಗಲೇಬೇಕು. ಬೆಳಗಾದರೆ ನನ್ನ ಹಿಂದೆ ಇಬ್ಬರೂ ಚಹಾದ ಲೋಟ ಹಿಡಿದು ನಡೆಯುತ್ತಿದ್ದರು.

"ಏನವ್ವಾ, ಇವತ್ತರ ಏನರ ಸರದೈತೇನು?" ಎಂದು ಈಕಡೆ ಇನ್ಸ್‌ಪೆಕ್ಟರು ಕೇಳುವರು.

"ಇಲ್ರಿ ಸಾಹೇಬ್ರ, ನಿನ್ನೆ ಇದ್ದಲ್ಲೇ ಐತಿ."

"ನಿನ್ನ ತಂಗಿ ಮನಿ ಅಂತ ಗೆರಿ ಸೊಟ್ಟ ಎಳೀತಿ ಮತ್ತ" ಎಂದು ಆಕಡೆಯವರು ಕಣ್ಣು ಕಿರಿದು ಮಾಡುವರು.

"ನಮ್ಮ ಮನೆತನದಾಗ ಮಂದಿ ಸೊಟ್ಟ ಇದ್ದಾರ್ರಿ, ಗೆರಿ ಸೊಟ್ಟ ಆಗಿಲ್ಲ" ಎಂದೆ.

ಇಪ್ಪತ್ತು ದಿನ ಹೀಗೇ ಕಳೆಯಿತು. ಅಂಥ ಥಂಡಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ; ಬುಟ್ಟಿಯ ಸುಣ್ಣಕ್ಕೆ ಕೈ ಹಾಕಿದರೆ ಬೆರಳು ಮರಗಟ್ಟುತ್ತಿದ್ದವು. ಇಪ್ಪತ್ತೊಂದನೆಯ ದಿನ ನಾನು ಹೋದಾಗ ಗೌಡರು ಹೊರಸಿನ ಮೇಲೆ ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದರು. ಡಾಕ್ಟರ್ ಖಾಜಾಸಾಬರನ್ನು ಕರೆದುಕೊಂಡು ಬಂದೆ. ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಎದಿ ತುಂಬ ಕಫ ಕಟ್ಟೈತಿ. ಇನ್ನೆರಡು ರಾತ್ರಿ ಈ ಬಯಲಾಗ ಮಲಗಿದ್ರ ಗೌಡ್ರು ಎರಡೂ ರಾಜ್ಯ ಬಿಟ್ಟು ಮೂರನೇದಕ್ಕ ಹೋಗ್ತಾರ" ಎಂದರು. "ಇವತ್ತೇ ಮನಿಯೊಳಗ ಒಯ್ಯಬೇಕು."

"ನಾ ಬರಂಗಿಲ್ಲ" ಎಂದರು ಗೌಡರು. "ಮನಿಗೆ ಹೋದ್ರ ದನ ಹಿಂದ ಬರ್ತಾವ. ಅವರಿಬ್ರು ಅಲ್ಲೇ ಕುಂತಾರ ನೋಡ್ರಿ, ರಣಹದ್ದು ಕುಂತಂಗ. ಸತ್ರ ಶಾಸಕ ಆಗೇ ಸಾಯ್ತೀನಿ. ಅದೂ ಎರಡು ಕಡಿ."

ಸುದ್ದಿ ಎರಡೂ ಮನೆಗೆ ಹೋಯಿತು. ಮೂಡಲಿಂದ ಬಂಗಾರೆವ್ವ ಕಷಾಯದ ಚೊಂಬು ಹಿಡಿದು ಬಂದಳು, ಪಡುವಲಿಂದ ಕಾಶವ್ವ ಬಿಸಿ ಗಂಜಿ ಹಿಡಿದು ಬಂದಳು. ಒಂದೇ ಊರಿನವರಾದರೂ ಇಬ್ಬರೂ ಒಬ್ಬರನ್ನೊಬ್ಬರು ಹತ್ತಿರದಿಂದ ಕಂಡದ್ದು ಅದೇ ಮೊದಲು. ಹತ್ತೊಂಬತ್ತು ವರ್ಷ ಗೌಡರು ಅದಕ್ಕೆ ಆಸ್ಪದ ಕೊಟ್ಟಿರಲಿಲ್ಲ. ಹೊರಸಿನ ಆಚೆಗೊಬ್ಬಳು, ಈಚೆಗೊಬ್ಬಳು ನಿಂತರು. ಜಗಳ ನೋಡಲು ಊರು ನೆರೆಯಿತು.

"ನೀನೇನ ಕಾಶವ್ವ?" ಎಂದಳು ಬಂಗಾರೆವ್ವ.

"ಹೌದ್ರಿ ಅಕ್ಕಾರ."

"ಬಾಳ ಜಗಳಗಂಟಿ, ಮೈಮ್ಯಾಲ ಬರ್ತಾಳ, ದೂರ ಇರು ಅಂತ ಹೇಳಿದ್ರು ಇವರು."

"ನಿಮಗ ಹಲ್ಲೆಲ್ಲ ಬಿದ್ದಾವ, ಕಿವಿನೂ ಕೇಳಂಗಿಲ್ಲ, ಮಾತಾಡಿಸಿ ಉಪಯೋಗಿಲ್ಲ ಅಂತ ನನಗ ಹೇಳಿದ್ರು."

ಬಂಗಾರೆವ್ವ ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕಳು. ಗೌಡರು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡರು.

"ಹೊರಸು ಎತ್ರಿ" ಎಂದಳು ಬಂಗಾರೆವ್ವ. "ಸಣ್ಣಮನಿಗೆ ಒಯ್ಯೂಣು. ನನ್ನ ಮನಿ ದೊಡ್ಡದು, ಗಾಳಿ ಆಡ್ತೈತಿ. ಅಲ್ಲಾದ್ರ ಬೆಚ್ಚಗಿರ್ತೈತಿ."

"ಏ ನಾ ಜೇಲಿಗೆ ಹೋಗ್ತೀನಿ ಅಂದ್ರೂ ಕೇಳವಲ್ರಿ!" ಎಂದು ಗೌಡರು ಕಂಬಳಿಯೊಳಗಿನಿಂದ ಕೂಗಿದರು.

"ಬದುಕಿದ್ರ ತಾನ ಜೇಲಿಗೆ ಹೋಗೂದು" ಎಂದಳು ಕಾಶವ್ವ.

ಗೌಡರಿಗೆ ಒಂದೇ ಉಪಾಯ ಉಳಿದಿತ್ತು. ಮೈಯಲ್ಲಿ ಏಳುವ ಕಸುವಿರಲಿಲ್ಲ. ಹೊರಸು ಹೊತ್ತ ನಾಲ್ವರನ್ನೂ ಹಂಡಿಗೆ ಕಾಣದಂತೆ ಸುತ್ತುಬಳಸಿ ನಡೆಸಿದರು. ಸಂಜೆ ಮಾತಾಡದಿದ್ದರೆ ದನಕ್ಕೆ ಅವರು ಎಲ್ಲಿದ್ದಾರೆಂದು ತಿಳಿಯುವುದಿಲ್ಲ, ಹೊಲದಲ್ಲೇ ಉಳಿಯುತ್ತವೆ. "ನಾ ಇವತ್ತ ಬಾಯಿ ತೆರಿಯಂಗಿಲ್ಲ" ಎಂದು ಆಣೆ ಇಟ್ಟರು.

"ಅಷ್ಟು ನಿಮ್ಮ ಕೈಲೆ ಆಗಿದ್ರ ಎರಡನೇ ಮದುವಿನೂ ಆಗ್ತಿರಲಿಲ್ಲ" ಎಂದಳು ಬಂಗಾರೆವ್ವ.

ಹೊತ್ತು ಮುಳುಗುವವರೆಗೆ ಗೌಡರು ತುಟಿ ಬಿಚ್ಚಲಿಲ್ಲ. ಬಂಗಾರೆವ್ವ ಅಂಗಾಲಿಗೆ ಎಣ್ಣೆ ತಿಕ್ಕಿದಳು, ಕಾಶವ್ವ ಹಣೆಗೆ ಒದ್ದೆ ಬಟ್ಟೆ ಇಟ್ಟಳು, ನಾನು ಬಾಗಿಲಲ್ಲಿ ಕೂತು ಹೊಲದ ಕಡೆ ನೋಡುತ್ತಿದ್ದೆ. ದನ ಹೊಲದಲ್ಲಿ ಸುಮ್ಮನೆ ನಿಂತಿದ್ದವು. ಅಷ್ಟರಲ್ಲಿ ಜ್ವರ ನೆತ್ತಿಗೇರಿತು. ಗೌಡರು ಕಣ್ಣು ಮುಚ್ಚಿಕೊಂಡೇ ಎದ್ದು ಕೂತು, "ಸನ್ಮಾನ್ಯ ಸಭಾಧ್ಯಕ್ಷರೇ!" ಎಂದರು.

ಕಾಶವ್ವ ಬಾಯಿಗೆ ಕೈ ಅಡ್ಡ ಹಿಡಿದಳು. ಬಂಗಾರೆವ್ವ ಕಂಬಳಿ ಹೊದೆಸಿದಳು. ಮೂವತ್ತು ವರ್ಷದ ರೂಢಿ, ಎಲ್ಲಿ ನಿಲ್ಲುತ್ತದೆ? ಕಂಬಳಿಯೊಳಗಿಂದಲೇ ಅವರು ಕುಡಿಯುವ ನೀರಿನ ಬಗ್ಗೆ ಮಾತಾಡಿದರು, ವಿರೋಧಪಕ್ಷವನ್ನು ಝಾಡಿಸಿದರು, ತಾವು ದನಕ್ಕಾಗಿಯೇ ಹುಟ್ಟಿದವರೆಂದು ಕಂಠ ಗದ್ಗದ ಮಾಡಿಕೊಂಡರು. ಹೊಲದಲ್ಲಿ ಹಂಡಿ ಕಿವಿ ನಿಮಿರಿಸಿತು. ಒಂದು ಗಳಿಗೆಯಲ್ಲಿ ಓಣಿ ತುಂಬ ಗೊರಸಿನ ಸಪ್ಪಳ. ದನ ಸಣ್ಣಮನೆಯನ್ನು ಸುತ್ತುಗಟ್ಟಿದವು, ಹಿತ್ತಲು ತುಂಬಿ ಅದರಾಚೆಯ ಪಡುವಣದ ಬಯಲಿಗೂ ಚಾಚಿದವು, ಒಂದೊಂದಾಗಿ ಮಂಡಿಯೂರಿ ಮಲಗಿದವು. ಗೌಡರು "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂದು ಮತ್ತೆ ಅರ್ಧ ತಾಸು ಮಾತಾಡಿ ದಿಂಬಿಗೆ ತಲೆ ಕೊಟ್ಟರು.

ಬೆಳಗಿಗೆ ಬೆವರು ಒಡೆದು ಜ್ವರ ಇಳಿದಿತ್ತು. ನಾನು ಬುಟ್ಟಿ ಹಿಡಿದು ಹಿತ್ತಲಿಗೆ ಬಂದೆ. ಇನ್ಸ್‌ಪೆಕ್ಟರುಗಳು ಇಪ್ಪತ್ತು ಹೆಜ್ಜೆ ಹಿಂದಿದ್ದರು. ಈ ಸಲ ಚಹಾ ಇರಲಿಲ್ಲ.

"ಅಕ್ಕಾರ" ಎಂದು ಕಿಟಕಿಯಿಂದ ಪಿಸುದನಿ ಬಂತು. ಗೌಡರ ಮುಖ ಸರಳಿಗೆ ಅಂಟಿಕೊಂಡಿತ್ತು. "ಗೆರಿ ಮನಿಯ ಈಚೆಗೆ ಎಳೀರಿ. ಒಂದ ದಿನ, ಅಷ್ಟ. ಮುಂಜಾನಿ ಮಂಜಿನ್ಯಾಗ ಯಾರಿಗೆ ಏನ್ ಕಾಣ್ತೈತಿ?"

ಮಂಜು ಇತ್ತು ನಿಜ. ಮನೆಯ ಈಚೆಗೆ ಎಳೆದರೆ ಸಣ್ಣಮನೆ ಆಕಡೆಗೇ ಉಳಿಯುತ್ತಿತ್ತು, ನನ್ನ ತಂಗಿಯ ಸಂಸಾರವೂ ಉಳಿಯುತ್ತಿತ್ತು. ಕಾಶವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವಳು ಕೇಳಿದ್ದರೆ ಎಳೆಯುತ್ತಿದ್ದೆನೋ ಏನೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಅವಳು ಕೇಳಲಿಲ್ಲ. ನಾನು ಬಯಲಿಗೆ ನಡೆದು, ಎಲ್ಲಕ್ಕಿಂತ ಮುಂದೆ ಮಲಗಿದ್ದ ಹೋರಿಯ ಮೂತಿಯ ಮುಂದೆ ಸುಣ್ಣ ಬಿಟ್ಟೆ. ಗೆರೆ ಸರಿಯಾಗಿಯೇ ಬಿತ್ತು. ಎರಡೂ ಮನೆ ಈಕಡೆಗೆ ಬಂದವು.

ಆಕಡೆ ಇನ್ಸ್‌ಪೆಕ್ಟರು ಗೆರೆ ದಾಟಿ ತಮ್ಮ ಕಡೆ ಹೋಗಿ ನಿಂತು, "ನಿಮ್ಮ ನಸೀಬು ಚಲೋ ಐತಿ, ನಡೀರಿ" ಎಂದು ಈಕಡೆಯವರಿಗೆ ಕೈಮುಗಿದರು. ಈಕಡೆಯವರು ಟೊಪ್ಪಿಗೆ ಸರಿಮಾಡಿಕೊಂಡು ಸಣ್ಣಮನೆಯ ಪಡಸಾಲೆಗೆ ಬಂದು ಕಾಗದ ಬಿಚ್ಚಿದರು. ಅವರ ಕಾಯ್ದೆಯಲ್ಲಿ ಇಂಥ ಕೇಸಿಗೆ ಹೆಂಡತಿಯ ಬಾಯಿಮಾತೇ ಮುಖ್ಯ; ಗಂಡ ಹೌದೆಂದು ಇಬ್ಬರೂ ಒಪ್ಪಿದರೆ ಮಾತ್ರ ಬೇಡಿ. ಹೊರಸಿನ ಮೇಲೆ ಗೌಡರು ಗೋಡೆಗೆ ಒರಗಿ ಕೂತಿದ್ದರು. ಬಾಗಿಲಲ್ಲಿ ಊರೆಲ್ಲ ನಿಂತಿತ್ತು.

"ಬಂಗಾರೆವ್ವಾರ, ಖರೆ ಹೇಳ್ರಿ. ಈ ಮನಿಶ್ಯಾ ನಿಮ್ಮ ಗಂಡ ಹೌದೋ ಅಲ್ಲೋ?"

ಬಂಗಾರೆವ್ವ ಗೌಡರನ್ನು ನೋಡಿದಳು, ಆಮೇಲೆ ಕಾಶವ್ವನನ್ನು ನೋಡಿದಳು. "ಅಲ್ಲ" ಎಂದಳು.

ಜನ ಹೋ ಎಂದರು. ಗೌಡರ ಮುಖಕ್ಕೆ ಕಳೆ ಬಂತು. ನನಗೆ ಅವರು ಕಣ್ಣು ಮಿಟುಕಿಸಿದರು ಕೂಡ. ಒಬ್ಬಳು ಅಲ್ಲವೆಂದರೆ ಉಳಿದದ್ದು ಒಬ್ಬಳೇ. ಒಬ್ಬಳೇ ಹೆಂಡತಿ ಇದ್ದರೆ ಯಾವ ಕಾಯ್ದೆ ಏನು ಮಾಡುತ್ತದೆ? ಇನ್ಸ್‌ಪೆಕ್ಟರು ಮುಖ ಹುಳಿ ಮಾಡಿಕೊಂಡು, ಕೇಳಬೇಕಲ್ಲ ಎಂದು ಕಾಶವ್ವನನ್ನೂ ಕೇಳಿದರು.

"ನನ್ನ ಗಂಡನೂ ಅಲ್ರಿ" ಎಂದಳು ಕಾಶವ್ವ.

"ಅಯ್ಯ, ನೀ ಹೌದು ಅನ್ನು! ಅಕಿ ಅಲ್ಲ ಅಂದ್ಲಲ್ಲ, ಸಾಕಾತು!" ಎಂದು ಗೌಡರು ಹೊರಸಿನಿಂದ ಅರ್ಧ ಎದ್ದರು.

"ಅಲ್ರಿ ಸಾಹೇಬ್ರ. ಬರಕೋರಿ."

"ಮತ್ತ ಇವರು ನಿನ್ನ ಮನ್ಯಾಗ ಯಾಕದಾರ?"

"ಜಡ್ಡು ಬಂದು ಹೊಲದಾಗ ಬಿದ್ದಿದ್ರಿ. ಹಾದ್ಯಾಗ ಬಿದ್ದ ನಾಯಿಗೂ ನೀರು ಹಾಕ್ತೀವಲ್ರಿ" ಎಂದಳು ನನ್ನ ತಂಗಿ. ಹತ್ತೊಂಬತ್ತು ವರ್ಷದಲ್ಲಿ ಇವರು ಈ ಎರಡು ಮನೆಗಳಲ್ಲಿ ಎಂದಾದರೂ ಮಲಗಿದ್ದುಂಟೇ ಎಂದು ಇನ್ಸ್‌ಪೆಕ್ಟರು ಜನರನ್ನು ಕೇಳಿದರು. ಜನ ಒಂದೇ ಬಾಯಲ್ಲಿ "ಇಲ್ಲ" ಎಂದರು. ಅದಂತೂ ಅಪ್ಪಟ ನಿಜವಾಗಿತ್ತು. ಇನ್ಸ್‌ಪೆಕ್ಟರು ಎರಡು ಕಾಗದ ಬರೆದು, ಇಬ್ಬರ ಸಹಿ ತೆಗೆದುಕೊಂಡು, ಗೆರೆಯ ಬಳಿ ನಿಂತಿದ್ದ ಆಕಡೆಯವರಿಗೂ ಒಂದೊಂದು ನಕಲು ಕೊಟ್ಟು, ಡೇರೆ ಕೀಳಿಸಿದರು. ಅಡಿವೆಪ್ಪಗೌಡರಿಗೆ ಯಾವ ರಾಜ್ಯದಲ್ಲೂ ಹೆಂಡತಿ ಇಲ್ಲವೆಂದು ಎರಡೂ ಸರ್ಕಾರಗಳು ಒಪ್ಪಿಕೊಂಡವು. ಅವು ಯಾವುದನ್ನಾದರೂ ಒಟ್ಟಿಗೆ ಒಪ್ಪಿದ್ದು ಅದೊಂದನ್ನೇ ಇರಬೇಕು.

ಹತ್ತು ದಿನ ಇಬ್ಬರೂ ಗೌಡರ ಸೇವೆ ಮಾಡಿದರು. ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಬಂಗಾರೆವ್ವ ತನ್ನ ಹಾಸಿಗೆಯನ್ನು ಸಣ್ಣಮನೆಗೇ ತಂದಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಇಬ್ಬರೂ ಮಾತಾಡುತ್ತಿದ್ದರು. ನಡುನಡುವೆ ಬಿದ್ದುಬಿದ್ದು ನಗುವುದು ನನಗೂ ಕೇಳುತ್ತಿತ್ತು, ಪಡಸಾಲೆಯಲ್ಲಿ ಮಲಗಿದ್ದ ಗೌಡರಿಗೂ ಕೇಳುತ್ತಿತ್ತು. ಕಾಶವ್ವ ಹಾಗೆ ನಕ್ಕದ್ದನ್ನು ನಾನು ಅವಳ ಮದುವೆಯ ಮೊದಲು ಕೇಳಿದ್ದು. ನನ್ನ ಹೊಟ್ಟೆ ತಣ್ಣಗಾಯಿತು.

ಹನ್ನೊಂದನೆಯ ದಿನ ಗೌಡರು ಜಳಕ ಮಾಡಿ, ಇಸ್ತ್ರಿ ಮಾಡಿದ ಧೋತರ ಉಟ್ಟು, ಮೀಸೆ ತಿದ್ದಿಕೊಂಡು ಊಟಕ್ಕೆ ಕೂತರು. ಉಂಡು ಕೈತೊಳೆದು, "ಇನ್ನ ಗಡಿ ಎಲ್ಲೆ ಇದ್ರೂ ನನ್ನ ಮ್ಯಾಲ ಕೇಸಿಲ್ಲ. ಒಂದ ವಾರ ಅಲ್ಲೆ, ಒಂದ ವಾರ ಇಲ್ಲೆ ಮಲಗ್ತೀನಿ. ಏನಂತೀರಿ?" ಎಂದು ಇಬ್ಬರನ್ನೂ ನೋಡಿ ನಕ್ಕರು.

ಕಾಶವ್ವ ಅವರ ಬಟ್ಟೆಯ ಗಂಟನ್ನು ತಂದು ಮುಂದಿಟ್ಟಳು.

"ಏನಿದು?"

"ಎರಡೂ ಸರ್ಕಾರಕ್ಕ ಬರದು ಕೊಟ್ಟೀವಲ್ರಿ ಗೌಡ್ರ."

"ಏ, ಅದು ನನ್ನ ಉಳಸಾಕ ಹೇಳಿದ ಸುಳ್ಳು!"

"ಹೌದ್ರಿ, ಸುಳ್ಳಂತನ ಹೇಳಿದ್ವಿ" ಎಂದಳು ಬಂಗಾರೆವ್ವ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಜೀವ ಉಳೀಬೇಕಿತ್ತು, ಉಳೀತು. ಆದ್ರ ಬಾಯಾಗಿಂದ ಆ ಮಾತು ಹೊರಗ ಬಂದ ಮ್ಯಾಲ ಅದು ಸುಳ್ಳು ಅಂತ ನನಗ ಅನಸಲಿಲ್ಲ. ಹತ್ತೊಂಬತ್ತು ವರ್ಷದಿಂದ ಅದು ಖರೇನ ಇತ್ತು. ಈಕಿ ಮುಖ ನೋಡಿದೆ, ಈಕಿಗೂ ಹಂಗ ಅನಸಿತ್ತು."

ಗೌಡರು ಬಾಯಿ ತೆರೆದರು. ಅಷ್ಟರಲ್ಲಿ ಬಂಗಾರೆವ್ವ ಎಲೆ ಅಡಿಕೆ ಮಡಿಸಿ ತಟ್ಟೆಯಲ್ಲಿಟ್ಟು, ಮನೆಗೆ ಬಂದ ದೊಡ್ಡವರಿಗೆ ಕೊಡುವಂತೆ ಎರಡೂ ಕೈಯಿಂದ ಅವರ ಮುಂದೆ ಹಿಡಿದಳು. ಗೌಡರು ಎಲೆ ತೆಗೆದುಕೊಂಡರು, ಗಂಟು ತೆಗೆದುಕೊಂಡರು, ಮೆಟ್ಟಿಲಿಳಿದು ಹೋದರು.

ಮರುದಿನ ಬೆಳಿಗ್ಗೆ ನಾನು ಗೆರೆ ಎಳೆದು ಮನೆಗೆ ಬಂದು ಕೈ ತೊಳೆಯುತ್ತಿದ್ದೆ. ಗೌಡರು ಅಂಗಳದಲ್ಲಿ ನಿಂತಿದ್ದರು. ಅವರ ತಲೆಯಲ್ಲಿ ಹುಲ್ಲಿನ ಕಡ್ಡಿ ಸಿಕ್ಕಿಕೊಂಡಿತ್ತು.

"ಅಕ್ಕಾರ" ಎಂದು ಶುರು ಮಾಡಿ ನಿಂತುಬಿಟ್ಟರು. ನಾನು ಇನ್ನು ಅವರಿಗೆ ಅಕ್ಕನಲ್ಲ ಎಂಬುದು ಆಗ ಹೊಳೆದಿರಬೇಕು. ತಲೆಯ ಕಡ್ಡಿ ಕಿತ್ತು ಎಸೆದು, "ಶಿದ್ದವ್ವಾರ" ಎಂದರು. ಅವರ ಬಾಯಲ್ಲಿ ನನ್ನ ಹೆಸರನ್ನು ನಾನು ಅದೇ ಮೊದಲು ಕೇಳಿದ್ದು. "ಇವತ್ತ ಗಡಿ ಎಲ್ಲಿ ಐತ್ರಿ?"

"ನಡುವಿನ ಹೊಲದಾಗ ಐತ್ರಿ. ಎಂದಿನಂಗ."

"ದೊಡ್ಡಮನಿ?"

"ಈಕಡೆ. ಕೀಲಿ ಹಾಕೈತಿ."

"ಸಣ್ಣಮನಿ?"

"ಆಕಡೆ. ಅಲ್ಲಿ ಇಬ್ಬರೂ ಅದಾರ."

ಗೌಡರು ತಲೆಯಾಡಿಸಿದರು. ನನಗೆ ಪಾಪ ಅನಿಸಿತು, ಸುಳ್ಳೇಕೆ ಹೇಳಲಿ. ಕೂಡ್ರಿ, ಚಹಾ ಮಾಡ್ತೀನಿ ಎಂದೆ. ಅವರು ಕಟ್ಟೆಯ ಮೇಲೆ ಕೂತರು.